ಹಳೆಯ ಸ್ಟ್ರೀಮರ್ ಕಲಿಸಿದ್ದು

ಭಾನುವಾರ, 12 ಜನವರಿ 2025

ಬೆಳಿಗ್ಗೆ ಇಂಟರ್ನೆಟ್‌ನಿಂದ ಹಾಡು ನುಡಿಸುವ ನನ್ನ ಹಳೆಯ ಸ್ಟ್ರೀಮರನ್ನು ಕಪಾಟಿನಿಂದ ಇಳಿಸಿ ಧೂಳು ಒರೆಸಿದೆ. ಕೊಂಡು ಏಳು ವರ್ಷವಾಯಿತು. ಡಿಜಿಟಲ್ ಅಂಕಿಗಳನ್ನು ದನಿಯ ಸಿಗ್ನಲ್ ಆಗಿಸುವ ಒಳಗಿನ ಡ್ಯಾಕ್ ಚಿಪ್ಪಿಗೆ ಏನೂ ಆಗಿಲ್ಲ, ಅಲ್ಯೂಮಿನಿಯಂ ಮೈ ಇನ್ನೂ ಹೊಸದರಂತಿದೆ. ಸತ್ತಿದ್ದು ಅದರ ಆ್ಯಪ್. ತಯಾರಕರು ಅಪ್‌ಡೇಟ್ ನಿಲ್ಲಿಸಿದರು, ನನ್ನ ಈಗಿನ ಫೋನಿನಲ್ಲಿ ಅದು ತೆರೆಯುವುದೇ ಇಲ್ಲ. ಹೊರಗಿನಿಂದ ಸಿಗ್ನಲ್ ಕೊಡೋಣವೆಂದರೆ ಡಿಜಿಟಲ್ ಇನ್‌ಪುಟ್ಟೂ ಇಲ್ಲ. ಅಷ್ಟು ಚೆನ್ನಾಗಿ ಹಾಡುತ್ತಿದ್ದ ಉಪಕರಣ ಹೀಗೆ ಮೂಕವಾದದ್ದು ನನಗೆ ಇವತ್ತಿಗೂ ನೋವು.

ಅದರ ಜಾಗಕ್ಕೆ ಕೊಳ್ಳಲು ಎರಡು ತಿಂಗಳಿಂದ ತೂಗಿ ನೋಡುತ್ತಿರುವುದು ಎರಡು ಉಪಕರಣಗಳನ್ನು. ಒಂದರಲ್ಲಿ ಸ್ಟ್ರೀಮಿಂಗ್, ಟಚ್‌ಸ್ಕ್ರೀನ್, ಡ್ಯಾಕ್ ಎಲ್ಲ ಒಟ್ಟಿಗೇ ಇವೆ. ಇನ್ನೊಂದು ಬರೀ ಡ್ಯಾಕ್. ಯುಎಸ್‌ಬಿ, ಆಪ್ಟಿಕಲ್, ಕೊಆಕ್ಸಿಯಲ್ ಇನ್‌ಪುಟ್‌ಗಳು, ಅಷ್ಟೇ. ಮೊದಲನೆಯದರ ದನಿಗೇ ಮನಸ್ಸು ವಾಲಿತ್ತು. ನಿನ್ನೆ ಗೆಳೆಯನೊಬ್ಬ ಮಲ್ಟಿಮೀಟರ್ ತಂದು ಅಳೆದ: ಮೊದಲನೆಯದರ ಔಟ್‌ಪುಟ್ 2.5 ವೋಲ್ಟ್, ಇನ್ನೊಂದರದು 2. ಅಂದರೆ ಸುಮಾರು 2 ಡೆಸಿಬಲ್ ಹೆಚ್ಚು. ಇಷ್ಟು ಜೋರಾದರೆ ಕಿವಿ ಅದನ್ನೇ 'ಸ್ಪಷ್ಟ', 'ತುಂಬಿದ ದನಿ' ಅಂದುಕೊಳ್ಳುತ್ತದೆ. ಎರಡನ್ನೂ ಸಮ ಮಾಡಿ, ನನಗೆ ಕಾಣದಂತೆ ಅವನು ಬದಲಿಸುತ್ತ ಹೋದ. ಯಾವುದು ಯಾವುದೆಂದು ಹೇಳಲು ನನ್ನಿಂದಾಗಲಿಲ್ಲ.

ದನಿಯಲ್ಲಿ ಗೆಲುವು ಸೋಲು ಇಲ್ಲವೆಂದ ಮೇಲೆ ಉಳಿದದ್ದು ಬಾಳಿಕೆಯ ಲೆಕ್ಕ. ದನಿಯನ್ನು ಸೆಕೆಂಡಿಗೆ ಎಷ್ಟು ಬಾರಿ, ಎಷ್ಟು ಸೂಕ್ಷ್ಮವಾಗಿ ಅಳೆದಿದೆ ಎಂದು ಹೇಳುವ 768 ಕಿಲೋಹರ್ಟ್ಸ್, 32 ಬಿಟ್ ಎಂಬ ಅಂಕಿಗಳಿಗೆ ನಾನು ಬೆಲೆ ಕೊಡುವುದಿಲ್ಲ. ನನ್ನ ಸಂಗ್ರಹದ ಬಹುಪಾಲು 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ ಅಳತೆಯದೇ, 44.1 ಕಿಲೋಹರ್ಟ್ಸ್, 16 ಬಿಟ್. ಫಾರ್ಮ್ಯಾಟ್ ನಂಬಿ ಕೊಳ್ಳುವುದೂ ಬೇಡ. ಎಂಕ್ಯೂಎ ಎಂಬ ಆಡಿಯೋ ಫಾರ್ಮ್ಯಾಟ್ 2014ರಲ್ಲಿ ಬಂದಾಗ ಎಷ್ಟು ಸದ್ದು! 2024ರಲ್ಲಿ ಟೈಡಲ್ ಎಂಬ ಸಂಗೀತ ಸ್ಟ್ರೀಮಿಂಗ್ ಸೇವೆ ಕೂಡ ಅದನ್ನು ಬಿಟ್ಟು ಮುಕ್ತ ಫಾರ್ಮ್ಯಾಟ್ ಆದ ಫ್ಲಾಕ್‌ಗೆ ಬಂತು. ಆದರೆ 1980ರ ದಶಕದ ಕೊಆಕ್ಸಿಯಲ್ ಕೇಬಲ್ಲಿನ ಮಾತು ಇಂದಿನ ಡ್ಯಾಕ್‌ಗೂ ಅರ್ಥವಾಗುತ್ತದೆ. ಯುಎಸ್‌ಬಿ ಆಡಿಯೋ ಕ್ಲಾಸ್ 2 ಎಂಬ ಸಾಮಾನ್ಯ ಮಾನದಂಡಕ್ಕೆ ಹೊಂದುವಂತಿದ್ದರೆ ಮ್ಯಾಕ್, ಲಿನಕ್ಸ್, ಈಗಿನ ವಿಂಡೋಸ್ ಯಾವುದಕ್ಕೂ ಬೇರೆ ಡ್ರೈವರ್ ಬೇಕಿಲ್ಲ.

ಬರೀ ಡ್ಯಾಕನ್ನೇ ಕೊಳ್ಳುತ್ತೇನೆ. ಸ್ಟ್ರೀಮಿಂಗ್ ಕೆಲಸಕ್ಕೆ ಒಂದು ಪುಟ್ಟ ಕಂಪ್ಯೂಟರ್ ಸಾಕು; ಹಳತಾದರೆ ಅದನ್ನಷ್ಟೇ ಬದಲಿಸಬಹುದು. ಈ ಡ್ಯಾಕ್ ನಡೆಯುವುದು ಸಾಮಾನ್ಯ 12 ವೋಲ್ಟ್ ಅಡಾಪ್ಟರಿನಲ್ಲಿ, ಅದು ಕೆಟ್ಟರೂ ಬೇರೆ ಸಿಗುತ್ತದೆ. ವಿದ್ಯುತ್ತನ್ನು ಹಿಡಿದಿಡುವ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಮಾತ್ರ ಶಾಖಕ್ಕೆ ಒಣಗುತ್ತವೆ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಅವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧ. ಹಾಗಾಗಿ ಆಂಪ್ಲಿಫೈಯರಿನ ಮೇಲೆ ಇಡುವುದಿಲ್ಲ, ಪಕ್ಕದ ಹಲಗೆಯನ್ನು ಈಗಲೇ ಖಾಲಿ ಮಾಡಿದ್ದೇನೆ.

ವಾರಂಟಿ ಮುಗಿದ ಮೇಲೂ ರಿಪೇರಿ ಮಾಡಿಕೊಡುತ್ತೀರಾ, ಎಷ್ಟು ವರ್ಷ, ಎಂದು ತಯಾರಕರಿಗೆ ರಾತ್ರಿ ಮೇಲ್ ಬರೆದೆ. ಉತ್ತರ ಬಂದ ಮೇಲೆಯೇ ಆರ್ಡರ್.