ಮೆಝೊಲೊಂಬಾರ್ದೊದ ದ್ರಾಕ್ಷಿ ಚಪ್ಪರಗಳ ಕೆಳಗೆ

ಉತ್ತರ ಇಟಲಿಯ ತ್ರೆಂತೊ ನಗರದಿಂದ ಮಾಲೆ ಎಂಬ ಊರಿನ ಕಡೆಗೆ ಹೋಗುವ ಪುಟ್ಟ ರೈಲು ಮೆಝೊಲೊಂಬಾರ್ದೊದಲ್ಲಿ ನಿಂತಾಗ ಮೊದಲು ಕಂಡದ್ದು ಊರಲ್ಲ, ಬಂಡೆ. ಊರಿನ ಬೆನ್ನಿಗೇ ಗೋಡೆ ಎಬ್ಬಿಸಿದಂತೆ ನೆಟ್ಟಗೆ ನಿಂತ ಸುಣ್ಣಕಲ್ಲಿನ ಬಂಡೆ. ಅದರ ಬುಡದಿಂದ ಆದಿಜೆ ನದಿಯವರೆಗೂ ಹಾಸಿಕೊಂಡಿರುವ ಬಯಲಿನ ತುಂಬ ದ್ರಾಕ್ಷಿ. ಅಕ್ಟೋಬರ್ ನಡುಭಾಗ, ಕೊಯ್ಲು ಮುಗಿದು ಎಲೆ ಕೆಂಪಾಗತೊಡಗಿತ್ತು.

"ಇದೇನು, ನಿಮ್ಮ ತೋಟದ ಚಪ್ಪರವೇ ಇಲ್ಲಿಗೆ ಬಂದಂತಿದೆಯಲ್ಲ!" ಎಂದರು ಅತ್ತಿಗೆ. ಅವರು ವೆರೋನಾದಲ್ಲಿ ನೆಲೆಸಿ ಒಂಬತ್ತು ವರ್ಷವಾಯಿತು. ಅವರು ಹೇಳಿದ್ದು ನಿಜ. ಕಂಬ ನೆಟ್ಟು, ಅಡ್ಡ ಮರ ಕೊಟ್ಟು, ತಂತಿಯ ಮೇಲೆ ಬಳ್ಳಿ ಹಬ್ಬಿಸುವುದು ಇಲ್ಲಿಯೂ ಹಳೆಯ ಪದ್ಧತಿ. ನಾನು ಚಿಕ್ಕಬಳ್ಳಾಪುರದ ಹತ್ತಿರ ಬೆಂಗಳೂರು ಬ್ಲೂ ಚಪ್ಪರದ ನೆರಳಿನಲ್ಲಿ ಬೆಳೆದವಳು. ಇಷ್ಟು ದೂರ ಬಂದದ್ದು ಎಲಿಸಬೆತ್ತಾ ಫೊರಾದೊರಿ ಎಂಬ ಹೆಣ್ಣುಮಗಳು ಬೆಳೆಸಿದ ತೋಟ ನೋಡಲು.

ತಂದೆ ರೊಬೆರ್ತೊ 1976ರಲ್ಲಿ ತೀರಿಕೊಂಡಾಗ ಎಲಿಸಬೆತ್ತಾ ಇನ್ನೂ ಚಿಕ್ಕ ಹುಡುಗಿ. ತೋಟವನ್ನೂ ವೈನ್ ಮನೆಯನ್ನೂ ತಾಯಿ ನಡೆಸಿಕೊಂಡು ಬಂದರು. ನದಿಯಾಚೆಗಿನ ಸಾನ್ ಮಿಕೆಲೆಯಲ್ಲಿ, 1874ರಷ್ಟು ಹಿಂದೆ ಶುರುವಾದ ಕೃಷಿ ಶಾಲೆಯಲ್ಲಿ ಕಲಿತು ಬಂದ ಮಗಳು 1984ರ ಕೊಯ್ಲಿನ ಹೊತ್ತಿಗೆ ಹೊಣೆ ಹೊತ್ತುಕೊಂಡರು. ವಯಸ್ಸು ಇಪ್ಪತ್ತರ ಆಸುಪಾಸು. ಆಗ ಈ ಬಯಲಿನ ತೆರೊಲ್ದೆಗೊ ದ್ರಾಕ್ಷಿಯನ್ನು ಜನ ತೂಕಕ್ಕಾಗಿ ಬೆಳೆಯುತ್ತಿದ್ದರು. ಹೆಚ್ಚು ಇಳುವರಿ ಕೊಡುವ ಒಂದೇ ಬಗೆಯ ಸಸಿ ಎಲ್ಲರ ತೋಟದಲ್ಲೂ. ಮರುವರ್ಷವೇ ಎಲಿಸಬೆತ್ತಾ ಹಳೆಯ ತೋಟಗಳ ಬಳ್ಳಿಗಳನ್ನು ಆರಿಸಿ, ಅವುಗಳ ಕಡ್ಡಿಯಿಂದ ಹೊಸ ಗಿಡ ಮಾಡಲು ತೊಡಗಿದರು. ಒಂದೊಂದು ಬಳ್ಳಿಯದೂ ಒಂದೊಂದು ಗುಣ, ಎಲ್ಲವೂ ಉಳಿಯಲಿ ಎಂದು. 1986ರಲ್ಲಿ 'ಗ್ರನಾತೊ' ಎಂಬ ವೈನ್ ಬಂತು. ಹೆಸರು ಬಂತು. ನನಗೆ ಮಾತ್ರ ಆ ಹೆಸರಿಗಿಂತ ಕಡ್ಡಿ ಆರಿಸಿದ ಆ ವರ್ಷಗಳೇ ದೊಡ್ಡದಾಗಿ ಕಾಣುತ್ತವೆ. ಬಳ್ಳಿ ಫಸಲಿಗೆ ಬರುವವರೆಗೆ ಕಾಯುವುದು ಎಂದರೇನೆಂದು ನಮ್ಮ ಮನೆಯಲ್ಲಿ ನೋಡಿದ್ದೇನೆ.

ಗೆದ್ದ ದಾರಿಯಲ್ಲೇ ಅವರು ಸುಮ್ಮನೆ ಮುಂದುವರಿಯಬಹುದಿತ್ತು. 2002ರಲ್ಲಿ ತೋಟವನ್ನು ಬಯೋಡೈನಮಿಕ್ ಪದ್ಧತಿಗೆ ತಿರುಗಿಸಿದರು. 1924ರಲ್ಲಿ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ರೈತರಿಗೆ ಕೊಟ್ಟ ಎಂಟು ಉಪನ್ಯಾಸಗಳಿಂದ ಹುಟ್ಟಿದ ಬೇಸಾಯ ಇದು. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲಕ್ಕೆ ಮುಂಚೆ ಹೂಳುತ್ತಾರೆ, ವಸಂತದಲ್ಲಿ ತೆಗೆಯುತ್ತಾರೆ. ಹೆಕ್ಟೇರಿಗೆ ಸುಮಾರು 100 ಗ್ರಾಂ ಸಾಕು. ಅದನ್ನು ನೀರಿನಲ್ಲಿ ಒಂದು ಗಂಟೆ ಕಲಕಬೇಕು. ಸುಳಿ ಆಳವಾದೊಡನೆ ಕೋಲನ್ನು ಎದುರು ದಿಕ್ಕಿಗೆ ತಿರುಗಿಸಬೇಕು. ನಮ್ಮ ತಂದೆ ಡ್ರಮ್ಮಿನ ಮುಂದೆ ನಿಂತು ಜೀವಾಮೃತ ಕಲಕುವುದು ಕಣ್ಣಿಗೆ ಕಟ್ಟಿತು. ಕೊಂಬಿನ ಶಕ್ತಿಯನ್ನು ವಿಜ್ಞಾನ ಒಪ್ಪಿಲ್ಲ, ನಾನೂ ಅದಕ್ಕೆ ಸಾಕ್ಷಿ ಹೇಳಲಾರೆ. ಆದರೆ ಸಾಲುಗಳ ನಡುವಿನ ಹುಲ್ಲಿನಲ್ಲಿ ಕೈಯಿಟ್ಟು ಕೆದಕಿದಾಗ ಮಣ್ಣು ಹುಡಿಹುಡಿಯಾಗಿ, ತಂಪಾಗಿ, ಎರೆಹುಳುಗಳಿಂದ ತುಂಬಿತ್ತು. ಬೆರಳಿನ ಉದ್ದ ಇಳಿಯುವಷ್ಟರಲ್ಲಿ ನೊಚೆ ನದಿ ತಂದು ಹಾಕಿದ ಉರುಟು ಕಲ್ಲು ಸಿಕ್ಕಿತು.

ವೈನ್ ಮನೆಯೊಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಸಾಲುಸಾಲಾಗಿ ಗುಡಾಣಗಳು! ನಮ್ಮ ಅಜ್ಜಿ ರಾಗಿ ತುಂಬಿಡುತ್ತಿದ್ದ ಮಣ್ಣಿನ ಗುಡಾಣದ್ದೇ ಹೊಟ್ಟೆ, ಅದೇ ಬಣ್ಣ, ಎತ್ತರ ಮಾತ್ರ ಹೆಚ್ಚು. ಸ್ಪೇನಿನ ವಿಯ್ಯಾರೊಬ್ಲೆದೊ ಊರಿನ ಕುಂಬಾರಿಕೆಯ ಇವನ್ನು 'ತಿನಾಹ' ಎನ್ನುತ್ತಾರೆ. ದ್ರಾಕ್ಷಿಯನ್ನು ಸಿಪ್ಪೆ ಸಮೇತ ಇದರಲ್ಲಿ ತುಂಬಿ ಎಂಟು ತಿಂಗಳಷ್ಟು ಕಾಲ ಬಿಡುತ್ತಾರೆ. ಹೊರಗಿನ ಯೀಸ್ಟ್ ಬೆರೆಸುವುದಿಲ್ಲ, ಹಣ್ಣಿನೊಡನೆ ತೋಟದಿಂದ ಬಂದದ್ದೇ ಹುದುಗಿಸಬೇಕು. ನಮಗೆ ತೋರಿಸುತ್ತಿದ್ದ ಹುಡುಗಿ ಒಂದರ ಮುಚ್ಚಳ ಸರಿಸಿದಳು. ಮೇಲೆ ಸಿಪ್ಪೆಯ ದಪ್ಪ ಪದರ, ಕಪ್ಪು ನೇರಳೆ ಬಣ್ಣ. ಕಿವಿ ಹತ್ತಿರ ತಂದರೆ ದೋಸೆ ಹಿಟ್ಟು ಉಬ್ಬುವಾಗಿನಂಥ ಸಣ್ಣ ಸದ್ದು.

ಕೊನೆಗೆ ಎರಡು ಲೋಟ ಇಟ್ಟರು: 'ಸ್ಗರ್ಜೊನ್' ಮತ್ತು 'ಮೊರೆಯ್'. ಎರಡೂ ತೆರೊಲ್ದೆಗೊ, ಎರಡೂ ಇಂಥದೇ ಗುಡಾಣದಲ್ಲಿ ಆದವು. ಮೊದಲನೆಯದರ ತೋಟ ಮರಳು ನೆಲ, ಎರಡನೆಯದು ಕಲ್ಲು ನೆಲ. ಸ್ಗರ್ಜೊನ್ ನೇರಳೆ ಹಣ್ಣಿನಂತೆ ಹುಳಿಹುಳಿಯಾಗಿ, ಹಗುರವಾಗಿ ಇಳಿಯಿತು. ಮೊರೆಯ್ ಗಾಢ, ನಾಲಿಗೆಯ ಬದಿಗೆ ಒಗರು ಹಿಡಿದುಕೊಂಡು ನಿಂತಿತು. ಬೆರೆಸಿ ಮಾರಿದ್ದರೆ ಈ ಎರಡು ನೆಲಗಳ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಅವನ್ನು ಬೇರೆಬೇರೆಯಾಗಿ ಉಳಿಸಲು ಒಬ್ಬಾಕೆ ಇಷ್ಟು ವರ್ಷ ಕೊಟ್ಟದ್ದು ನೆನೆದು ನನ್ನ ಗಂಟಲು ಕಟ್ಟಿತು. ಈಗ ಮಕ್ಕಳೂ ಕೈಜೋಡಿಸಿದ್ದಾರೆ. ಎಲಿಸಬೆತ್ತಾ ಹಸು ಸಾಕಿ ಚೀಸ್ ಮಾಡುವುದಕ್ಕೂ ತೊಡಗಿದ್ದಾರೆ.

ಸಂಜೆ ರೈಲಿಗೆ ಕಾಯುತ್ತಾ ಊರಿಗೆ ಫೋನ್ ಮಾಡಿದೆ. ಅಪ್ಪ ವೈನಿನ ವಿಷಯ ಕೇಳಲೇ ಇಲ್ಲ.

"ಮಣ್ಣು ಎಂಥದಮ್ಮಾ?"

"ಮೇಲೆ ಒಂದು ಪದರ ಮಣ್ಣು, ಕೆಳಗೆಲ್ಲ ಹೊಳೆಯ ಕಲ್ಲು, ಅಪ್ಪಾ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮೂಡಣ ಬದುವಿನ ಹತ್ತಿರ ಅಜ್ಜ ಹಾಕಿದ ಎರಡು ಬಳ್ಳಿ ಇವೆ. ಕಡ್ಡಿ ತೆಗೆದಿಡುತ್ತೇನೆ, ನೀನು ಬಂದ ಮೇಲೆ ನೆಡೋಣ" ಎಂದರು.