ಪೂರ್ವ ದಿಕ್ಕಿನ ಖಾಲಿ ಸಭಾಂಗಣ

ಶಾಲಾ ಸಂಚಿಕೆಗೆ ಹಳೆಯ ನೆನಪೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಮೊದಲು ನನ್ನ ಕಣ್ಣಿಗೆ ಕಟ್ಟಿದ್ದು ಒಂಬತ್ತನೆಯ ತರಗತಿಯ ಕರಿಹಲಗೆ ಮತ್ತು ಅದರ ಮೇಲೆ ಸಮಾಜ ವಿಜ್ಞಾನದ ಮೇಷ್ಟ್ರು ಬರೆದ ಎರಡು ಚೌಕಗಳು. ಕೆಳಗಿನದು ವಿಧಾನಸಭೆ, ಮೇಲಿನದು ವಿಧಾನ ಪರಿಷತ್ತು. ಎರಡು ಮನೆ ಏಕೆ ಬೇಕೆಂದು ಕೇಳಿದ ಹುಡುಗನಿಗೆ ಅವರು, ಡಿಕಾಕ್ಷನ್ನಿನಲ್ಲಿ ಗಸಿ ಉಳಿದರೆ ಮತ್ತೊಮ್ಮೆ ಸೋಸುವುದಿಲ್ಲವೇ, ಹಾಗೆ ಎಂದು ಉತ್ತರಿಸಿದ್ದರು. ಪಾಠದ ಕೊನೆಯಲ್ಲಿ ಪುಸ್ತಕದಲ್ಲಿ ಇಲ್ಲದ ಮಾತೊಂದನ್ನೂ ಸೇರಿಸಿದರು: ಅಮೆರಿಕದ 50 ರಾಜ್ಯಗಳಲ್ಲಿ ನೆಬ್ರಾಸ್ಕಾ ಒಂದೇ, ಒಂಟಿ ಮನೆಯಲ್ಲಿ ಸಂಸಾರ ತೂಗಿಸುತ್ತಿದೆ. "ಇನ್ನೊಂದು ಮನೆ ಏನಾಯಿತು ಸಾರ್?" ಎಂದು ನಾನು ಕೇಳಿದೆ. "ಹೋಗಿ ನೋಡಿಕೊಂಡು ಬಂದು ಹೇಳು" ಎಂದರು. ಇಡೀ ತರಗತಿ ನಕ್ಕಿತು.

2007ರಲ್ಲಿ ನಾನು ನಿಜಕ್ಕೂ ಹೋದೆ. ಆ ಪ್ರಶ್ನೆಗೆ ಉತ್ತರ ಹುಡುಕಲೆಂದಲ್ಲ, ಮೆಕ್ಕೆಜೋಳದ ಬೇಸಾಯ ಕಲಿಯಲೆಂದು, ಲಿಂಕನ್ ನಗರದ ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೆ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ದೊಡ್ಡದಾದ ಆ ರಾಜ್ಯದ ಜನಸಂಖ್ಯೆ ಇಂದಿಗೂ 20 ಲಕ್ಷದ ಆಸುಪಾಸಿನಲ್ಲಿದೆ. ಓಟೊ ಎಂಬ ಮೂಲನಿವಾಸಿಗಳ ಭಾಷೆಯಲ್ಲಿ ನೆಬ್ರಾಸ್ಕಾ ಎಂದರೆ ಚಪ್ಪಟೆ ನೀರು, ಅಲ್ಲಿನ ನದಿಗೆ ಅವರಿಟ್ಟ ಹೆಸರು. ಅದೇ ನದಿಯನ್ನು ಫ್ರೆಂಚರು ಪ್ಲ್ಯಾಟ್ ಎಂದರು, ಅದರ ಅರ್ಥವೂ ಅದೇ. ನೀರಷ್ಟೇ ಅಲ್ಲ, ನೆಲವೂ ಚಪ್ಪಟೆ. ಆದ್ದರಿಂದ ಲಿಂಕನ್‌ನ ಶಾಸನ ಭವನದ 400 ಅಡಿಯ ಗೋಪುರ ಬಹಳ ದೂರದಿಂದಲೇ ಕಾಣುತ್ತದೆ. ಅದರ ನೆತ್ತಿಯ ಮೇಲೆ ನಿಂತಿರುವುದು ಸೇನಾಪತಿಯೂ ಅಲ್ಲ, ದೇವತೆಯೂ ಅಲ್ಲ, ಕೈಯಿಂದ ಬೀಜ ಎರಚುತ್ತಿರುವ ರೈತ. ಲೀ ಲಾರಿ ಎಂಬ ಶಿಲ್ಪಿಯ ಆ ವಿಗ್ರಹವನ್ನು ಕಂಡಾಗ, ನನ್ನಪ್ಪ ರಾಗಿಯ ಚೆಲ್ಲು ಬಿತ್ತನೆ ಮಾಡುವಾಗ ತೋಳು ಬೀಸುತ್ತಿದ್ದ ರೀತಿ ನೆನಪಾಯಿತು.

ಆ ಭವನದ ಉತ್ತರ ಬಾಗಿಲಿನ ಮೇಲೆ ಕೊರೆದಿರುವ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ 'ಪ್ರಜೆಯ ಎಚ್ಚರವೇ ರಾಜ್ಯಕ್ಕೆ ರಕ್ಷೆ' ಎನ್ನಬಹುದು. ಬರೆದವರು ಅದೇ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಹಾರ್ಟ್ಲಿ ಬರ್ ಅಲೆಕ್ಸಾಂಡರ್. ಶಾಲಾ ಪ್ರವಾಸದಲ್ಲಿ ನಾವು ಸಾಲಾಗಿ ನಿಂತು ಓದಿದ್ದ ವಿಧಾನಸೌಧದ 'ಸರ್ಕಾರದ ಕೆಲಸ ದೇವರ ಕೆಲಸ'ವನ್ನು ಅದರ ಪಕ್ಕದಲ್ಲಿಟ್ಟು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಮಾತು ಒಳಗೆ ಕುಳಿತವರಿಗೆ ಹೇಳಿದ್ದು, ಇನ್ನೊಂದು ಹೊರಗೆ ನಿಂತವರಿಗೆ.

1922ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಆ ಭವನದಲ್ಲಿ ಎರಡು ಸದನಗಳಿಗೆಂದೇ ಎರಡು ಸಭಾಂಗಣಗಳನ್ನು ಕಟ್ಟಿದ್ದರು. ಐದು ವರ್ಷ ಕಳೆಯುವಷ್ಟರಲ್ಲಿ ಪೂರ್ವ ದಿಕ್ಕಿನದು ಖಾಲಿಯಾಯಿತು. ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು, ಮೂಲನಿವಾಸಿಗಳ ಚಿತ್ರಗಳನ್ನು ಕೆತ್ತಿದ ದೊಡ್ಡ ಮರದ ಬಾಗಿಲುಗಳ ಹಿಂದೆ: ಮೇಲ್ಮನೆ ಹೋಗಿತ್ತು, ಅದರ ಕೋಣೆ ಹಾಗೆಯೇ ಉಳಿದಿತ್ತು.

ಅದನ್ನು ಖಾಲಿ ಮಾಡಿಸಿದವರು ಜಾರ್ಜ್ ನಾರಿಸ್. ವಾಷಿಂಗ್ಟನ್ನಿನ ಸೆನೆಟ್ಟಿನಲ್ಲಿದ್ದುಕೊಂಡು ಟೆನೆಸಿ ಕಣಿವೆಯ ಅಣೆಕಟ್ಟು, ವಿದ್ಯುತ್ ಯೋಜನೆಗಾಗಿ ಹೋರಾಡಿದ ಈ ಮುದುಕರು 1934ರಲ್ಲಿ ತಮ್ಮ ರಾಜ್ಯದ ಊರೂರು ಸುತ್ತಿ ವಾದಿಸಿದರು. ಇಂಗ್ಲೆಂಡಿನಲ್ಲಿ ಪ್ರಭುಗಳಿಗೊಂದು ಮನೆ, ಜನಸಾಮಾನ್ಯರಿಗೊಂದು ಮನೆ ಇದ್ದುದಕ್ಕೆ ಕಾರಣವಿತ್ತು. ಇಲ್ಲಿ ಅದೇ ಮತದಾರರು ಅದೇ ಕೆಲಸಕ್ಕೆ ಎರಡು ಮನೆಯವರನ್ನು ಆರಿಸುವುದೇಕೆ? ಅವರಿಗೆ ಇನ್ನೂ ಹೆಚ್ಚು ಕೋಪ ತರಿಸುತ್ತಿದ್ದುದು ಎರಡು ಸದನಗಳ ನಡುವೆ ಭಿನ್ನಾಭಿಪ್ರಾಯ ಬಂದಾಗ ಕೂಡುತ್ತಿದ್ದ ಜಂಟಿ ಸಮಿತಿ. ಬಾಗಿಲು ಹಾಕಿಕೊಂಡು ನಾಲ್ಕಾರು ಜನ ಬದಲಿಸಿದ ಮಸೂದೆಯನ್ನು ಇಡಿಯಾಗಿ ಒಪ್ಪಬೇಕು ಇಲ್ಲವೇ ಬಿಡಬೇಕು. ಯಾರು ಏನು ಮಾಡಿದರೆಂಬುದು ಮತದಾರನಿಗೆ ತಿಳಿಯುವಂತಿಲ್ಲ. ಮೇಷ್ಟ್ರ ಹೋಲಿಕೆಯಲ್ಲೇ ಹೇಳುವುದಾದರೆ, ಎರಡು ಸೋಸುಕಗಳ ಮಧ್ಯೆ ಯಾರೋ ಕತ್ತಲೆಯಲ್ಲಿ ಲೋಟ ಬದಲಿಸುತ್ತಿದ್ದರು. ಜನ 2,86,086 ಮತಗಳಿಂದ ಒಪ್ಪಿದರು, 1,93,152 ಮತಗಳು ವಿರುದ್ಧ ಬಿದ್ದವು. ಪಾನನಿಷೇಧದ ರದ್ದತಿಯೂ ಕುದುರೆ ಜೂಜೂ ಅದೇ ಮತಪತ್ರದಲ್ಲಿದ್ದವು ಎಂಬುದನ್ನು ಅಲ್ಲಿನವರು ನಗುತ್ತಲೇ ಹೇಳುತ್ತಾರೆ. ಆರ್ಥಿಕ ಕುಸಿತದ ಕಾಲದಲ್ಲಿ ಉಳಿತಾಯದ ಮಾತಿಗೆ ತೂಕವೂ ಇತ್ತು: 133 ಸದಸ್ಯರಿದ್ದ 1935ರ ಅಧಿವೇಶನಕ್ಕೆ 2,02,593 ಡಾಲರ್ ತಗುಲಿದರೆ, 43 ಸದಸ್ಯರ 1937ರ ಮೊದಲ ಏಕಸದನಕ್ಕೆ 1,03,445 ಡಾಲರ್ ಸಾಕಾಯಿತು.

ಈಗ ಸದಸ್ಯರು 49. ಮತಪತ್ರದಲ್ಲಿ ಅವರ ಹೆಸರಿನ ಮುಂದೆ ಪಕ್ಷದ ಹೆಸರಿರುವುದಿಲ್ಲ, ವರ್ಷಕ್ಕೆ 12,000 ಡಾಲರ್ ಸಂಬಳ. ಪ್ರತಿಯೊಂದು ಮಸೂದೆಗೂ ಸಾರ್ವಜನಿಕ ವಿಚಾರಣೆ ನಡೆಯಲೇಬೇಕು. ನಾನು ಒಂದು ಮಧ್ಯಾಹ್ನ ಅಂತಹ ವಿಚಾರಣೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅಂತರ್ಜಲದ ವಿಷಯ. ಟೋಪಿಯನ್ನು ಮಡಿಲಲ್ಲಿಟ್ಟುಕೊಂಡ ರೈತನೊಬ್ಬ ಎದ್ದು ಹೋಗಿ, ಕಡತಕ್ಕಾಗಿ ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿ, ಶಾಸಕರ ಮುಂದೆ ತನ್ನ ಕೊಳವೆಬಾವಿಯ ಲೆಕ್ಕ ಒಪ್ಪಿಸಿದ. (ನನ್ನ ಹೆಸರನ್ನು ಹಾಗೆ ಬಿಡಿಸಿ ಹೇಳಬೇಕಾಗಿ ಬಂದಿದ್ದರೆ ನನಗೆ ಕೊಟ್ಟ ಸಮಯವೆಲ್ಲ ಅದಕ್ಕೇ ಆಗುತ್ತಿತ್ತು.) ನಮ್ಮ ಎರಡನೆಯ ಮನೆ ಜನರೇ ಎಂದು ಅಲ್ಲಿನವರು ಹೇಳುವುದು ಬಾಯಿಮಾತಿನ ಜಂಬವೆಂದು ನಾನು ತಿಳಿದಿದ್ದೆ, ಆ ಮಧ್ಯಾಹ್ನದ ನಂತರ ಹಾಗೆನ್ನಿಸಲಿಲ್ಲ.

ಆದರೆ ಆ ಕೆತ್ತಿದ ಬಾಗಿಲುಗಳು ಮನಸ್ಸಿನಿಂದ ಹೋಗಲಿಲ್ಲ. ನೆಬ್ರಾಸ್ಕಾದ ಧ್ಯೇಯವಾಕ್ಯ 'ಕಾನೂನಿನ ಮುಂದೆ ಸಮಾನತೆ'. ಮತದಾನ ಬಿಳಿಯರಿಗೆ ಮಾತ್ರ ಎಂಬ ನಿರ್ಬಂಧವನ್ನು ತೆಗೆಯಬೇಕೆಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಷರತ್ತು ಹಾಕಿ, ಅಧ್ಯಕ್ಷ ಆಂಡ್ರೂ ಜಾನ್ಸನ್ನರ ನಿರಾಕರಣೆಯನ್ನು ಮೀರಿ, 1867ರ ಮಾರ್ಚ್ 1ರಂದು ಅದನ್ನು 37ನೆಯ ರಾಜ್ಯವಾಗಿ ಸೇರಿಸಿಕೊಂಡಿತು. ಹತ್ತು ವರ್ಷಗಳ ನಂತರ ಅಲ್ಲಿನ ಪೊಂಕಾ ಜನರನ್ನು ಅವರ ನಯೋಬ್ರಾರಾ ನದಿಯ ದಡದಿಂದ ಎಬ್ಬಿಸಿ, ಇಂದಿನ ಒಕ್ಲಹೋಮಾದ ಕಡೆಗೆ ಸಾಗಿಸಿದರು. ಅಲ್ಲಿ ಸತ್ತ ಮಗನನ್ನು ಹುಟ್ಟಿದ ನೆಲದಲ್ಲೇ ಹೂಳಬೇಕೆಂದು 1879ರ ಚಳಿಗಾಲದಲ್ಲಿ ಉತ್ತರಕ್ಕೆ ಹೊರಟ ಮುಖ್ಯಸ್ಥ ಸ್ಟ್ಯಾಂಡಿಂಗ್ ಬೇರ್ ಬಂಧಿತನಾದ. ಒಮಾಹಾ ನಗರದ ನ್ಯಾಯಾಲಯದಲ್ಲಿ ಆತ ಕೈ ಎತ್ತಿ, ಇದರ ಬಣ್ಣ ನಿಮ್ಮದರಂತಿಲ್ಲ, ಚುಚ್ಚಿದರೆ ನೋವು ಮಾತ್ರ ನನಗೂ ಆಗುತ್ತದೆ ಎಂಬರ್ಥದ ಮಾತುಗಳನ್ನಾಡಿದ. ಮೂಲನಿವಾಸಿಯೂ ಕಾನೂನಿನ ಪ್ರಕಾರ ಒಬ್ಬ 'ವ್ಯಕ್ತಿ' ಎಂದು ನ್ಯಾಯಾಧೀಶ ಎಲ್ಮರ್ ಡಂಡಿ ತೀರ್ಪು ಕೊಟ್ಟರು. ಅಂತಹ ಧ್ಯೇಯವಾಕ್ಯವಿದ್ದ ರಾಜ್ಯದಲ್ಲಿ ಇಷ್ಟನ್ನು ಹೇಳಿಸಿಕೊಳ್ಳಲು ಮೊಕದ್ದಮೆ ಬೇಕಾಯಿತು. 2019ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ನೆಬ್ರಾಸ್ಕಾದ ಪರವಾಗಿ ಆತನ ಪ್ರತಿಮೆಯನ್ನು ನಿಲ್ಲಿಸಿದರು.

ನಾನು ಅಲ್ಲಿಗೆ ಹೋದ ವರ್ಷವೇ ಎರ್ನಿ ಚೇಂಬರ್ಸ್ ದೇವರ ಮೇಲೆ ದಾವೆ ಹೂಡಿದರು. 1971ರಿಂದ ಒಮಾಹಾದ ಪ್ರತಿನಿಧಿಯಾಗಿದ್ದ ಈ ಕಪ್ಪು ಶಾಸಕರು, ಪ್ರವಾಹ, ಭೂಕಂಪಗಳಿಗೆ ಕಾರಣನಾದ ಪ್ರತಿವಾದಿಗೆ ತಡೆಯಾಜ್ಞೆ ಕೊಡಬೇಕೆಂದು ಕೋರಿದ್ದರು. ನ್ಯಾಯಾಲಯದ ಬಾಗಿಲು ಯಾರಿಗೂ ಮುಚ್ಚಬಾರದೆಂಬುದು ಅವರ ಉದ್ದೇಶ. ಪ್ರತಿವಾದಿಯ ವಿಳಾಸ ಸಿಗದ ಕಾರಣ ನೋಟೀಸು ಜಾರಿ ಮಾಡಲಾಗದೆಂದು 2008ರಲ್ಲಿ ದಾವೆ ವಜಾ ಆಯಿತು. ಎಲ್ಲವನ್ನೂ ಬಲ್ಲವನಿಗೆ ನೋಟೀಸು ತಲುಪಿರಲೇಬೇಕು ಎಂದು ಚೇಂಬರ್ಸ್ ಪಟ್ಟು ಹಿಡಿದರು. ಸತತ ಎರಡು ಅವಧಿಗಳ ಮಿತಿಯಿಂದಾಗಿ 2009ರಲ್ಲಿ ಅವರು ಹೊರಬಂದರು. ಆ ಮಿತಿಯನ್ನು ತಂದಿದ್ದೇ ಅವರಿಗಾಗಿ ಎಂದು ಜನ ಹೇಳುತ್ತಿದ್ದರು. 2013ರಲ್ಲಿ ಮತ್ತೆ ಗೆದ್ದು ಬಂದು ಕುಳಿತರು.

ಊರಿಗೆ ಮರಳುವ ಮುನ್ನ ಇದೆಲ್ಲವನ್ನೂ ನಾಲ್ಕು ಪುಟಗಳ ಕಾಗದವಾಗಿ ಮೇಷ್ಟ್ರಿಗೆ ಬರೆದೆ. ಒಂದೇ ಮನೆಯಾದರೂ ಮೂರು ಹಂತ ಸೋಸುತ್ತಾರೆ, ಕೊನೆಯ ವಾಚನಕ್ಕೆ ಸದಸ್ಯರೆಲ್ಲ ತಮ್ಮ ಜಾಗದಲ್ಲೇ ಕುಳಿತಿರಬೇಕು ಎಂದೆಲ್ಲ ವಿವರಿಸಿದ್ದೆ. ಅವರ ಉತ್ತರ ಒಂದು ಕಾರ್ಡಿನಲ್ಲಿ ಬಂತು: "ಅನುಕೂಲಗಳನ್ನು ಚೆನ್ನಾಗಿ ಬರೆದಿದ್ದೀಯೆ. ಅನಾನುಕೂಲಗಳೆಲ್ಲಿ? ಹತ್ತಕ್ಕೆ ಆರು."

ಅವು ನನಗೆ ಕಂಡದ್ದು ತಡವಾಗಿ. ಮತಪತ್ರದಲ್ಲಿ ಪಕ್ಷವಿಲ್ಲದಿದ್ದರೂ ಯಾರು ಯಾವ ಪಕ್ಷವೆಂಬುದು ಎಲ್ಲರಿಗೂ ಗೊತ್ತು, ಮತ ಬೀಳುವುದೂ ಹೆಚ್ಚುಹೆಚ್ಚಾಗಿ ಅದೇ ಗೆರೆಯಂತೆ. ತಡೆಯಲು ಬೇರೆ ಮನೆಯಿಲ್ಲದ ಕಾರಣ ಸದನದಲ್ಲಿ ಕಡಿಮೆ ಮತವಿರುವವರ ಕೈಯಲ್ಲಿ ಉಳಿಯುವ ಆಯುಧ ಮಾತು ಲಂಬಿಸುವುದೊಂದೇ, ಅದನ್ನು ನಿಲ್ಲಿಸಲು 33 ಮತ ಬೇಕು. 2023ರಲ್ಲಿ ಒಬ್ಬ ಸದಸ್ಯೆ ತಾನು ವಿರೋಧಿಸಿದ ಒಂದು ಮಸೂದೆಗಾಗಿ ವಾರಗಟ್ಟಲೆ ಉಳಿದ ಮಸೂದೆಗಳ ಮೇಲೂ ಮಾತಾಡುತ್ತ ಅಧಿವೇಶನವನ್ನೇ ಎಳೆದರು. ಕೊನೆಗೆ ಆ ಮಸೂದೆ ಸರಿಯಾಗಿ 33 ಮತಗಳಿಂದ ಪಾಸಾಯಿತು. ಎರಡನೆಯ ಸೋಸುಕ ಇದ್ದಿದ್ದರೆ ಏನಾಗುತ್ತಿತ್ತೆಂದು ಮೇಷ್ಟ್ರು ಕೇಳದೆ ಬಿಡುವವರಲ್ಲ. ಈ ಸಂಚಿಕೆಯ ಒಂದು ಪ್ರತಿ ಹಿಡಿದು ಅವರ ಮನೆಗೆ ಹೋಗಬೇಕೆಂದಿದ್ದೇನೆ, ಉಳಿದ ನಾಲ್ಕು ಅಂಕ ಕೇಳುವುದಕ್ಕೆ.