ಒಂದೇ ಸೆಕೆಂಡಿನಲ್ಲಿ ಆರಿದ ಕೆಂಪು ದೀಪ

ಭಾನುವಾರ, 9 ಫೆಬ್ರವರಿ 2025

ನಿನ್ನೆ ಸಂಜೆಯಿಂದ ತಲೆಯಲ್ಲಿ ಒಂದೇ ವಿಷಯ ಓಡುತ್ತಿತ್ತು. ಕಲ್ಲುದಾರಿಯ ಏರು ಹತ್ತುವಾಗ, ಅರ್ಧ ದಾರಿಯಲ್ಲಿ, ಮೀಟರಿನ ಮೂಲೆಯಲ್ಲಿ ಕೆಂಪು ದೀಪ ಹತ್ತಿತು. ಹಲ್ಲಿನ ಚಕ್ರ, ಅದರೊಳಗೆ ಥರ್ಮಾಮೀಟರ್ ಗುರುತು. ಗೇರ್‌ಬಾಕ್ಸ್ ಆಯಿಲ್ ಮಿತಿಮೀರಿ ಬಿಸಿಯಾಗಿದೆ ಅಂತ ಅರ್ಥ. ಈ ಗಾಡಿ ನನ್ನ ಕೈಗೆ ಬಂದು ಹನ್ನೊಂದು ವರ್ಷ ಆಯಿತು. ಕೀ ತಿರುಗಿಸಿದಾಗ ಎಲ್ಲ ದೀಪಗಳ ಜೊತೆ ಒಮ್ಮೆ ಹತ್ತಿ ಆರುವುದು ಬಿಟ್ಟರೆ ಇದು ಬೇರೆ ಯಾವಾಗಲೂ ಹತ್ತಿದ್ದೇ ಇಲ್ಲ.

ಸ್ವಲ್ಪ ಸಮನಾದ ಜಾಗ ನೋಡಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು, ತಮ್ಮನಿಗೆ ಚಕ್ರಕ್ಕೆ ಕಲ್ಲು ಕೊಡಲು ಹೇಳಿ, ನ್ಯೂಟ್ರಲ್‌ಗೆ ಹಾಕಿದೆ. ಎಂಜಿನ್ ಮಾತ್ರ ಆಫ್ ಮಾಡಲಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಪಂಪ್ ತಿರುಗುವುದು ಎಂಜಿನ್ ತಿರುಗಿದಾಗ. ಎಂಜಿನ್ ನಿಲ್ಲಿಸಿದರೆ ಆಯಿಲ್ ತನ್ನನ್ನು ತಣಿಸುವ ಕೂಲರ್‌ಗೆ ಹೋಗುವುದೂ ನಿಂತಿತು, ಬಿಸಿ ಒಳಗೇ ಉಳಿಯಿತು. ಗಾಬರಿಯಲ್ಲಿ ಎಷ್ಟೋ ಜನ ಮೊದಲು ಕೀ ತಿರುಗಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಆದರೆ ನಿನ್ನೆ ಆಗಿದ್ದು ಬೇರೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ದೀಪ ಆರಿಹೋಯಿತು. ಒಂದು ಸೆಕೆಂಡ್ ಕೂಡ ಆಗಿರಲಿಲ್ಲ. ಮೊದಲು ಸಮಾಧಾನ ಆಯಿತು, ಆಮೇಲೆ ಅನುಮಾನ ಬಂತು. ಎಂಟೊಂಬತ್ತು ಲೀಟರ್ ಆಯಿಲ್, ಅದರ ಸುತ್ತ ಅಷ್ಟು ತೂಕದ ಲೋಹ. ಅದೆಲ್ಲ ರೆಪ್ಪೆ ಬಡಿಯುವಷ್ಟರಲ್ಲಿ ತಣ್ಣಗಾಗಲು ಸಾಧ್ಯವೇ ಇಲ್ಲ ಅಲ್ವಾ? ನಿಜವಾಗಿ ಬಿಸಿಯಾಗಿದ್ದರೆ ದೀಪ ಆರಲು ಕೆಲವು ನಿಮಿಷವಾದರೂ ಬೇಕಿತ್ತು. ಹಾಗಂತ ಅನುಮಾನದ ಮೇಲೆ ಭಾರ ಹಾಕಿ ಮತ್ತೆ ಏರಲು ಮನಸ್ಸು ಬರಲಿಲ್ಲ. ಲೋ ರೇಂಜ್, ಅಂದರೆ ನಿಧಾನಕ್ಕೆ ಹೆಚ್ಚು ಎಳೆತ ಕೊಡುವ ಗೇರ್, ಹಾಕಿ ನಿಧಾನವಾಗಿ ಇಳಿದು ಮನೆಗೆ ಬಂದೆವು.

ಇವತ್ತು ಬೆಳಿಗ್ಗೆ ಎದ್ದವನೇ ಒಂದು ನಿರ್ಧಾರ ಮಾಡಿದೆ: ಬಿಸಿ ನಿಜವೋ ಸುಳ್ಳೋ ಅನ್ನುವುದು ಗೊತ್ತಾಗುವ ತನಕ ಒಂದು ಬೋಲ್ಟ್ ಕೂಡ ಬಿಚ್ಚುವುದಿಲ್ಲ.

ಅರ್ಧ ಗಂಟೆ ಓಡಿಸಿಕೊಂಡು ಬಂದು, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಐಡಲ್‌ನಲ್ಲಿ ಇರುವಾಗಲೇ ಗೇರ್‌ಬಾಕ್ಸ್ ಡಿಪ್‌ಸ್ಟಿಕ್ ಎಳೆದೆ. ಮಟ್ಟ ಎರಡು ಗೆರೆಗಳ ನಡುವೆ ಸರಿಯಾಗಿತ್ತು. ಕಡಿಮೆ ಇದ್ದರೆ ಪಂಪ್ ಗಾಳಿ ಎಳೆಯುತ್ತದೆ, ಜಾಸ್ತಿ ಇದ್ದರೆ ಒಳಗಿನ ಗೇರುಗಳು ಕಡೆದು ನೊರೆ ಎಬ್ಬಿಸುತ್ತವೆ. ಎರಡರಲ್ಲೂ ಆಯಿಲ್ ಬಿಸಿಯಾಗುತ್ತದೆ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿದೆ. ನಿಧಾನವಾಗಿ ಹರಡಿತು. ಹೊಸ ಆಯಿಲ್‌ನಷ್ಟು ತಿಳಿ ಇರಲಿಲ್ಲ, ಆದರೆ ಕೆಂಪು ಕೆಂಪಾಗಿಯೇ ಇತ್ತು. ನಡುವೆ ಕರಿ ಪುಡಿ ಇಲ್ಲ. ಮೂಗಿನ ಹತ್ತಿರ ಹಿಡಿದೆ, ಸೀದ ವಾಸನೆಯೂ ಇಲ್ಲ. ಒಮ್ಮೆ ಚೆನ್ನಾಗಿ ಕಾದ ಆಯಿಲ್ ಈ ವಾಸನೆಯನ್ನು ಮುಚ್ಚಿಡಲಾರದು.

ಕೂಲರ್‌ನ ರೆಕ್ಕೆಗಳ ಸಂದಿಯಲ್ಲಿ ಒಣಗಿದ ಕೆಸರು ಇತ್ತು. ಮೆದು ಬ್ರಷ್, ನೀರು ಹಾಕಿ ತೊಳೆದೆ. ದೀಪಕ್ಕೆ ಇದು ಕಾರಣ ಅಲ್ಲ ಅನ್ನಿಸಿದರೂ ಬಿಟ್ಟು ಬರಲು ಆಗಲಿಲ್ಲ.

ಆಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್. ಇದನ್ನು ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರವಾಗಿ ಹಿಡಿದರೆ ಇರುವುದಕ್ಕಿಂತ ಕಡಿಮೆ ಡಿಗ್ರಿ ತೋರಿಸುತ್ತದೆ. ಅದಕ್ಕೇ ಅಳೆಯುವ ಕಡೆಯೆಲ್ಲ ಕರಿ ಇನ್ಸುಲೇಷನ್ ಟೇಪಿನ ಚೂರು ಅಂಟಿಸಿದ್ದೆ. ಆಯಿಲ್ ಪ್ಯಾನ್ 84 ಡಿಗ್ರಿ. ಕೂಲರ್‌ಗೆ ಹೋಗುವ ಪೈಪ್ 82, ವಾಪಸ್ ಬರುವ ಪೈಪ್ 63. ಅಂದರೆ ಆಯಿಲ್ ಹರಿಯುತ್ತಿದೆ, ಕೂಲರ್ ಕೆಲಸ ಮಾಡುತ್ತಿದೆ. ಓಡಾಡುವಾಗ ಈ ಆಯಿಲ್ 80ರಿಂದ 95ರ ಒಳಗೆ ಇದ್ದರೆ ಚಿಂತೆ ಇಲ್ಲ. 120 ದಾಟಿದರೆ ಬೇಗ ಬೇಗ ಕೆಡಲು ಶುರುವಾಗುತ್ತದೆ. ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೆ ಆಯಿಲ್ ಆಯಸ್ಸು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಕೆಲಸ ಬಲ್ಲವರ ಲೆಕ್ಕ.

ಇನ್ನು ಉಳಿದದ್ದು ವೈರ್. ನನ್ನ ಗಾಡಿಯಲ್ಲಿ ಗೇರ್‌ಬಾಕ್ಸ್‌ಗೆ ಇರುವುದು ಡಿಗ್ರಿ ಅಳೆಯುವ ಸೆನ್ಸರ್ ಅಲ್ಲ, ಬರೀ ಒಂದು ಸ್ವಿಚ್. ದೀಪದಿಂದ ಒಂದೇ ವೈರ್ ಬಂದು ಅದಕ್ಕೆ ಸೇರುತ್ತದೆ. ಆಯಿಲ್ ಕಾದಾಗ ಸ್ವಿಚ್ ಒಳಗೆ ಕೂಡಿಕೊಂಡು, ಗೇರ್‌ಬಾಕ್ಸ್ ಬಾಡಿ ಮೂಲಕ ಅರ್ಥ್ ಸಿಕ್ಕಿ ದೀಪ ಹತ್ತುತ್ತದೆ. ಹಾಗಾಗಿ ದಾರಿಯಲ್ಲಿ ಎಲ್ಲೇ ಆ ವೈರ್ ಲೋಹಕ್ಕೆ ತಾಗಿದರೂ ದೀಪಕ್ಕೆ ಅದು ಬಿಸಿಯೇ. ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸ್ವಿಚ್‌ನಿಂದ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿದೆ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕ್ ಗಟ್ಟಿಯಾಗಿ ತುಳಿದು, ಮೊದಲು ರಿವರ್ಸ್ ಹಾಕಿದೆ. ದೀಪ ಹತ್ತಲಿಲ್ಲ. ಡ್ರೈವ್‌ಗೆ ಹಾಕಿ ಆಕ್ಸಿಲರೇಟರ್ ಒಂಚೂರು ಒತ್ತಿದೆ. ಎಂಜಿನ್ ಒಂದು ಕಡೆ ವಾಲಿತು.

"ಅಣ್ಣಾ, ಹತ್ತಿತು ನೋಡು!" ಅಂದ ತಮ್ಮ.

ಸ್ವಿಚ್‌ಗೆ ವೈರೇ ಇಲ್ಲ, ಆದರೂ ದೀಪ ಉರಿಯುತ್ತಿದೆ. ಎದೆ ಮೇಲಿನ ಭಾರ ಆಗಲೇ ಅರ್ಧ ಇಳಿಯಿತು.

ಗಾಡಿ ಗೇರಿನಲ್ಲಿ ಇರುವಾಗ ಕೆಳಗೆ ಯಾರೂ ತಲೆ ಹಾಕಬಾರದು. ಎಂಜಿನ್ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಕೀ ಮಾತ್ರ ಆನ್ ಇಟ್ಟು ನಾನು ಕೆಳಗೆ ತೂರಿದೆ. ತಮ್ಮ ದೀಪ ನೋಡುತ್ತಾ ಕೂತ. ವೈರನ್ನು ಗೇಣು ಗೇಣಾಗಿ ಹಿಡಿದು ಅಲ್ಲಾಡಿಸುತ್ತಾ ಹೋದೆ. ಗೇರ್‌ಬಾಕ್ಸ್ ಮೇಲ್ಭಾಗಕ್ಕೆ ಬಂದಾಗ ಮೇಲಿನಿಂದ ಕೂಗು: "ಹತ್ತಿತು... ಆರಿತು... ಮತ್ತೆ ಹತ್ತಿತು, ಅಲ್ಲೇ ಇದೆ ಅಣ್ಣಾ, ಕೈ ಬಿಡಬೇಡ!"

ಟಾರ್ಚ್ ಬೆಳಕು ಬಿಟ್ಟೆ. ವೈರ್ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿತ್ತು. ವೈರ್ ಜೋತುಬಿದ್ದು ಒಂದು ಕಬ್ಬಿಣದ ಬ್ರಾಕೆಟ್‌ನ ಅಂಚಿಗೆ ಒರಗಿತ್ತು. ಒರಗಿದ ಕಡೆ ಮೇಲಿನ ಸಿಪ್ಪೆ ಸವೆದು, ಕೂದಲಿನಂಥ ಮೂರು ತಾಮ್ರದ ಎಳೆಗಳು ಹೊರಗೆ ಇಣುಕುತ್ತಿದ್ದವು. ಬ್ರಾಕೆಟ್ ಅಂಚಿನಲ್ಲಿ ಆ ಜಾಗ ಮಾತ್ರ ತುಕ್ಕಿಲ್ಲದೆ ಬೆಳ್ಳಗೆ ಹೊಳೆಯುತ್ತಿತ್ತು. ತಿಂಗಳುಗಟ್ಟಲೆ ಉಜ್ಜಿದ್ದರ ಗುರುತು. ಒಂದು ಉಗುರಿನಷ್ಟು ಅಗಲವೂ ಇಲ್ಲ.

ಅಷ್ಟು ಉಜ್ಜಲು ಕಾರಣ ಕೆಳಗೇ ಇತ್ತು. ಗೇರ್‌ಬಾಕ್ಸನ್ನು ಅಲ್ಲಾಡದಂತೆ ಹಿಡಿದಿಡುವ ಒಂದು ಮೌಂಟಿಂಗ್ ರಬ್ಬರ್ ಬಿರುಕು ಬಿಟ್ಟಿದೆ. ಭಾರ ಬಿದ್ದಾಗಲೆಲ್ಲ ಗೇರ್‌ಬಾಕ್ಸ್ ಬೇಕಾದ್ದಕ್ಕಿಂತ ಜಾಸ್ತಿ ವಾಲುತ್ತಿದೆ. ಏರಿನಲ್ಲಿ ಮಾತ್ರ ದೀಪ ಹತ್ತಿದ್ದು ಇದಕ್ಕೇ. ನೋಡುವವರಿಗೆ ಏರಿನಲ್ಲಿ ಕಾದ ಹಾಗೇ ಕಾಣಬೇಕು.

ವೈರಿನ ಸವೆದ ಭಾಗ ಕತ್ತರಿಸಿ, ಹೊಸ ತುಂಡು ಬೆಸೆದು, ಹೀಟ್ ಶ್ರಿಂಕ್ ಸ್ಲೀವ್ ಏರಿಸಿದೆ. ಅದರ ಮೇಲೊಂದು ಸುಕ್ಕು ಪೈಪ್ ಹಾಕಿ, ಬ್ರಾಕೆಟ್‌ನಿಂದಲೂ ಸೈಲೆನ್ಸರ್ ಪೈಪ್‌ನಿಂದಲೂ ದೂರ ಕಟ್ಟಿದೆ.

ಇಲ್ಲಿಗೆ ಬಿಡಬಹುದಿತ್ತು. ಆದರೆ ಇಷ್ಟು ದಿನ ಸ್ವಿಚ್ ಬದುಕಿದೆಯೋ ಇಲ್ಲವೋ ಯಾರು ನೋಡಿದ್ದರು? ಸುಳ್ಳು ದೀಪ ಹೋಯಿತು ಅಂತ ಖುಷಿಪಟ್ಟು, ನಿಜವಾಗಿ ಕಾದಾಗ ದೀಪ ಹತ್ತದಿದ್ದರೆ ಆ ಗೇರ್‌ಬಾಕ್ಸ್ ಕಥೆ ಮುಗಿದ ಹಾಗೆ. ಮಧ್ಯಾಹ್ನ ಎಲ್ಲ ತಣ್ಣಗಾದ ಮೇಲೆ ಸ್ವಿಚ್ ಬಿಚ್ಚಿದೆ, ತೂತಿಗೆ ಬಿರಡೆ ಕೊಟ್ಟೆ. ನೀರು ಕುದಿಯುವುದೇ 100ಕ್ಕೆ, ಈ ಪರೀಕ್ಷೆಗೆ ಅದು ಸಾಲದು. ಅಂಗಳದಲ್ಲಿ ಎಲೆಕ್ಟ್ರಿಕ್ ಒಲೆ ಮೇಲೆ ಹಳೆ ಪಾತ್ರೆಯಲ್ಲಿ ಎಣ್ಣೆ ಇಟ್ಟು, ಸ್ವಿಚ್‌ನ ಮೂತಿಯನ್ನು ಮಾತ್ರ ಮುಳುಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಳಿಬಿಟ್ಟೆ. ಸ್ವಿಚ್ ಕೂಡಿಕೊಂಡರೆ ಸದ್ದು ಬರುವ ಹಾಗೆ ಮಲ್ಟಿಮೀಟರ್ ಬೀಪ್‌ಗೆ ಇಟ್ಟಿದ್ದೆ. 100, ಸದ್ದಿಲ್ಲ. 115, ಸದ್ದಿಲ್ಲ. ತಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದ. 124ಕ್ಕೆ ಬೀಪ್ ಅಂತು. ಒಲೆ ಆರಿಸಿ ಕಾದೆವು, 112ಕ್ಕೆ ಇಳಿದಾಗ ಸದ್ದು ನಿಂತಿತು. ಮತ್ತೊಮ್ಮೆ ಕಾಯಿಸಿದಾಗಲೂ ಒಂದೆರಡು ಡಿಗ್ರಿ ಆಚೀಚೆ ಅಷ್ಟೇ. ಸ್ವಿಚ್ ಗಟ್ಟಿಯಾಗಿದೆ.

ಹೊಸ ವಾಷರ್ ಹಾಕಿ ಕೂರಿಸಿ, ಸೋರಿದಷ್ಟು ಆಯಿಲ್ ತುಂಬಿ, ಸಂಜೆ ಅದೇ ಏರಿಗೆ ಹೋದೆವು. ಈ ಸಲ ಬುಡದಲ್ಲೇ ಲೋ ರೇಂಜ್ ಹಾಕಿದೆ. ನಿನ್ನೆ ಹೈ ರೇಂಜ್‌ನಲ್ಲಿ ತೆವಳಿಕೊಂಡು ಹತ್ತುತ್ತಿದ್ದೆ, ಹಾಗೆ ಮಾಡಿದರೆ ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಜಾರುತ್ತಾ ಶಕ್ತಿಯನ್ನೆಲ್ಲ ಬಿಸಿ ಮಾಡಿ ಆಯಿಲ್‌ಗೆ ಸುರಿಯುತ್ತದೆ. ನೆತ್ತಿ ತಲುಪಿದಾಗ ಪ್ಯಾನ್ 97 ಡಿಗ್ರಿ. ದೀಪ ಹತ್ತಲಿಲ್ಲ.

ಮೌಂಟಿಂಗ್ ರಬ್ಬರ್‌ಗೆ ಹೇಳಿಟ್ಟಿದ್ದೇನೆ. ಅದರ ಬೋಲ್ಟ್‌ಗಳಿಗೆ ಈಗಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಂದೆ, ಮುಂದಿನ ಭಾನುವಾರದ ಹೊತ್ತಿಗೆ ಸಡಿಲ ಆಗಿರಬೇಕು.